ಕೊಯ್ಯದೆ ಹೊಟ್ಟೆ ಚಿಕ್ಕದು ಮಾಡಿಸಿಕೊಂಡವರೇ, ಹೇಗಿತ್ತು ಹೇಳಿ

ಟೀಚರ್ 41
ಬಾಯಿಂದ ಟ್ಯೂಬ್ ಇಳಿಸಿ ಹೊಟ್ಟೆಯನ್ನು ಒಳಗಿನಿಂದಲೇ ಹೊಲಿಯುತ್ತಾರಲ್ಲ, ಆ ಇಎಸ್‌ಜಿಗೆ ದಿನ ಗೊತ್ತು ಮಾಡಿಕೊಂಡು ಬಂದಿದ್ದೇನೆ. ಇನ್ನು ಮೂರು ವಾರ ಇದೆ. ಬಿಎಂಐ 36. ಎದೆಯುರಿ ಮೊದಲಿನಿಂದಲೂ ಇದೆ. ದಿನಕ್ಕೆ ಐದು ಗಂಟೆ ನಿಂತು ಪಾಠ ಮಾಡುವ ಕೆಲಸ. ರಜೆ ಸಿಕ್ಕಿರುವುದು ಒಂದೇ ವಾರ. ಸಾಕಾಗುತ್ತದಾ? ಇಎಸ್‌ಜಿ ಆಗಲಿ, ಹೊಟ್ಟೆಯೊಳಗೆ ಇಡುವ ಬಲೂನ್ ಆಗಲಿ, ಮಾಡಿಸಿಕೊಂಡವರು ಏನೇನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಏಳು ಹೊಲಿಗೆ
ಧೈರ್ಯವಾಗಿ ಮಾಡಿಸಿಕೊಳ್ಳಿ. ನನಗೆ 14 ತಿಂಗಳಾಯಿತು. ಆಗ 104 ಕಿಲೋ ಇದ್ದೆ. ಇವತ್ತು ಬೆಳಿಗ್ಗೆ 87.6.

ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ಪೂರ್ತಿ ಅರಿವಳಿಕೆ. 80 ನಿಮಿಷ ಹಿಡಿಯಿತಂತೆ. ಎಚ್ಚರವಾದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊಟ್ಟೆ ಹಿಂಡುತ್ತಿತ್ತು. ಎಡ ಭುಜವೂ ನೋಯುತ್ತಿತ್ತು. ಹೊಟ್ಟೆ ಹೊಲಿದರೆ ಭುಜ ಯಾಕೆ ನೋಯಬೇಕು ಅಂತ ಗಾಬರಿಯಾದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಗೆ ಒತ್ತಡ ಬಿದ್ದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ ಅಂತ ನರ್ಸ್ ಹೇಳಿದ ಮೇಲೆ ಸಮಾಧಾನವಾಯಿತು. ಮೊದಲ ರಾತ್ರಿ ವಾಂತಿಗೆ ಎರಡು ಇಂಜೆಕ್ಷನ್. ಎರಡನೇ ದಿನ ಅಲಾರಂ ಇಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ಎರಡು ಚಮಚ ನೀರು. ಮೂರನೇ ದಿನ ಯಾಕಾದರೂ ಮಾಡಿಸಿಕೊಂಡೆನೋ ಅಂತ ಗೋಡೆಗೆ ಮುಖ ಮಾಡಿ ಅತ್ತೆ. ಆರನೇ ದಿನ ನೋವು ನಿಂತಿತು. ಎರಡು ವಾರ ಬರೀ ದ್ರವ, ಆಮೇಲೆ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಒಂದು ದಿನವೂ ತಪ್ಪಿಸಲಿಲ್ಲ.

ದುಡ್ಡಿನ ಲೆಕ್ಕ ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೊದಲು ಹೇಳಿದ ಮೊತ್ತ ನನ್ನ ಐದು ತಿಂಗಳ ಸಂಬಳ. ಕೊನೆಗೆ ಕಟ್ಟಿದ್ದು ಆರೂವರೆ ತಿಂಗಳದ್ದು. ಅರಿವಳಿಕೆ ಡಾಕ್ಟರ್ ಫೀಸು ಬೇರೆ. ಪ್ಯಾಕೇಜಿನಲ್ಲಿ ಇದ್ದದ್ದು ಆರು ಹೊಲಿಗೆ, ನನಗೆ ಏಳು ಬೇಕಾಯಿತು, ಏಳನೆಯದಕ್ಕೆ ಬೇರೆ ಬಿಲ್ಲು. ವಾಂತಿ ನಿಲ್ಲದೆ ಒಂದು ರಾತ್ರಿ ಜಾಸ್ತಿ ಉಳಿದೆ, ಅದೂ ಬೇರೆ. ರಕ್ತ ಪರೀಕ್ಷೆ ಮೂರು ಸಲ. ಇನ್ಶೂರೆನ್ಸಿನವರು ಎರಡು ಸಲ ಫೈಲು ವಾಪಸ್ ಕಳಿಸಿದರು. ಕೊಯ್ದಿಲ್ಲ, ಹಾಗಾಗಿ ಆಪರೇಷನ್ ಅಲ್ಲ ಅಂತ ಮೊದಲ ಸಲ. ಸೌಂದರ್ಯಕ್ಕಾಗಿ ಮಾಡಿಸಿಕೊಂಡದ್ದು ಅಂತ ಎರಡನೇ ಸಲ. ಮಂಡಿ ನೋವಿನಿಂದ ಒಂದು ಮಹಡಿ ಹತ್ತಲಾಗದ ನನ್ನ ಬಗ್ಗೆ ಹಾಗೆ ಬರೆದರು. ಆ ಕಾಗದ ನೋಡಿದರೆ ಇವತ್ತಿಗೂ ಮೈ ಉರಿಯುತ್ತದೆ.

ಆದರೂ ಇನ್ನೊಂದು ಸಲ ಮಾಡಿಸಿಕೊ ಅಂದರೆ ನಾಳೆಯೇ ಹೋಗುತ್ತೇನೆ.

ಆರು ತಿಂಗಳ ಬಲೂನ್
ನಾನು ಹೋಗುವುದಿಲ್ಲ. 600 ಎಂಎಲ್ ಸಲೈನ್ ತುಂಬಿದ ಬಲೂನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಆರು ತಿಂಗಳು ತಿರುಗಿದವನು ನಾನು. ಎರಡು ದಿನ ಸ್ವಲ್ಪ ವಾಕರಿಕೆ ಇರುತ್ತದೆ ಅಂದಿದ್ದರು. ಮೊದಲ ದಿನ 19 ಸಲ ವಾಂತಿ. ಬರೆದಿಟ್ಟುಕೊಂಡಿದ್ದೇನೆ. ಮೂರನೇ ದಿನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು, ಡ್ರಿಪ್ ಹಾಕಿಸಿಕೊಳ್ಳಲು ಮತ್ತೆ ಅಡ್ಮಿಟ್ ಆದೆ. ಆ ಬಿಲ್ಲು ಬೇರೆ. ಮಗ್ಗುಲು ಬದಲಿಸಿದರೆ ಒಳಗೆ ಏನೋ ಉರುಳುವುದು ಗೊತ್ತಾಗುತ್ತಿತ್ತು. ಸಲೈನಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಸೋರಿದರೆ ಮೂತ್ರ ಹಸಿರು ಅಥವಾ ನೀಲಿಯಾಗುತ್ತದೆ ಅಂತ ಹೇಳಿ ಕಳಿಸಿದ್ದರು. ಆರು ತಿಂಗಳೂ ಮೂತ್ರದ ಬಣ್ಣ ನೋಡಿಯೇ ಹೊರಗೆ ಬಂದಿದ್ದೇನೆ. ಆ ಹೆದರಿಕೆ ಮನೆಯವರಿಗೂ ಅರ್ಥವಾಗಲಿಲ್ಲ.

ಹಾಕುವ ಬೆಲೆ ಹೇಳಿದರು. ತೆಗೆಯುವ ಬೆಲೆ ಬೇರೆ ಅಂತ ಐದನೇ ತಿಂಗಳಲ್ಲಿ ಫೋನ್ ಮಾಡಿ ಹೇಳಿದರು. ತೆಗೆಯುವ ಮುಂಚೆ ಎರಡು ಮೂರು ದಿನ ಬರೀ ದ್ರವ ಕುಡಿಯಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಹಿಂದಿನ ರಾತ್ರಿಯಿಂದ ಉಪವಾಸ ಇದ್ದು ಹೋದೆ. ಟ್ಯೂಬ್ ಇಳಿಸಿ ನೋಡಿದರೆ ಹಿಂದಿನ ದಿನದ ಊಟ ಹಾಗೇ ಕೂತಿತ್ತು. ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ ಅಂತ ನಿಲ್ಲಿಸಿ ವಾಪಸ್ ಕಳಿಸಿದರು. ಅವತ್ತಿನ ಫೀಸು ಪೂರ್ತಿ ಕಟ್ಟಿಸಿಕೊಂಡರು. ನಾಲ್ಕು ದಿನ ಬಿಟ್ಟು ಮತ್ತೆ ಪೂರ್ತಿ. ಎಲ್ಲಾ ಸೇರಿ ಮೊದಲು ಹೇಳಿದ್ದಕ್ಕಿಂತ ನೂರಕ್ಕೆ 40 ಜಾಸ್ತಿ ಆಯಿತು. 118 ಇದ್ದವನು 103.5ಕ್ಕೆ ಇಳಿದೆ. ತೆಗೆದು ಒಂದು ವರ್ಷಕ್ಕೆ 113. ಒಂದೊಂದು ಕಿಲೋ ಹತ್ತಿದಾಗಲೂ ನನ್ನ ದುಡ್ಡು ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಏಳು ಹೊಲಿಗೆ
ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಇವರು ಮಾಡಿಸಿಕೊಳ್ಳುತ್ತಿರುವುದು ಬಲೂನ್ ಅಲ್ಲ. ಬಲೂನ್ ತೆಗೆದರೆ ಹೊಟ್ಟೆ ಮೊದಲಿನ ಹಾಗೇ. ಹೊಲಿಗೆ ಒಳಗೇ ಇರುತ್ತದೆ. 2022ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಇಎಸ್‌ಜಿ ಆದವರು ಒಂದು ವರ್ಷಕ್ಕೆ ಮೈತೂಕದ ನೂರಕ್ಕೆ 13.6 ಭಾಗ ಇಳಿಸಿದರು. ಬರೀ ಪಥ್ಯ, ವ್ಯಾಯಾಮ ಮಾಡಿದವರು 0.8. ಗಂಭೀರ ತೊಂದರೆ ಆದದ್ದು ನೂರರಲ್ಲಿ ಇಬ್ಬರಿಗೆ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿಗೆ ಕೊಟ್ಟಿತು.

ಆರು ತಿಂಗಳ ಬಲೂನ್
13.6 ಅಂದರೆ 100 ಕಿಲೋ ಇದ್ದವರು 86ಕ್ಕೆ ಬರುತ್ತಾರೆ. ಆರೂವರೆ ತಿಂಗಳ ಸಂಬಳಕ್ಕೆ ಅಷ್ಟೇನಾ? ಒಂದು ವರ್ಷದ ಲೆಕ್ಕ ಹೇಳುತ್ತೀರಿ. ನನಗೂ ಆರನೇ ತಿಂಗಳಲ್ಲಿ ಎಲ್ಲರೂ ಶಭಾಷ್ ಅಂದಿದ್ದರು.

ನುಂಗಿದ ಬಲೂನ್
ಎಲ್ಲಾ ಬಲೂನೂ ಒಂದೇ ಅಲ್ಲ. ನಾನು ಕ್ಯಾಪ್ಸೂಲ್ ನುಂಗಿದೆ. ಎಂಡೋಸ್ಕೋಪಿ ಇಲ್ಲ, ಅರಿವಳಿಕೆ ಇಲ್ಲ. ಎಕ್ಸ್‌ರೇಯಲ್ಲಿ ಜಾಗ ನೋಡಿ, ಸಣ್ಣ ಕೊಳವೆಯಲ್ಲಿ 550 ಎಂಎಲ್ ತುಂಬಿ, ಕೊಳವೆ ಎಳೆದುಕೊಂಡರು. 20 ನಿಮಿಷ. ಸುಮಾರು ನಾಲ್ಕು ತಿಂಗಳಿಗೆ ತಾನೇ ಖಾಲಿಯಾಗಿ ಮಲದಲ್ಲಿ ಹೋಯಿತು. ತೆಗೆಯುವ ಖರ್ಚೇ ಇಲ್ಲ. 91ರಿಂದ 83. ನಾಲ್ಕು ದಿನ ವಾಂತಿ ನನಗೂ ಇತ್ತು. ಐದನೇ ದಿನ ಕೆಲಸಕ್ಕೆ ಹೋದೆ.

ಆರು ತಿಂಗಳ ಬಲೂನ್
ಖರ್ಚು ಕಡಿಮೆ ಅಂತ ಹೊಸಬರನ್ನು ಹುರಿದುಂಬಿಸಬೇಡಿ. ದ್ರವ ತುಂಬಿದ ಬಲೂನ್‌ಗಳಿಂದ ಪ್ಯಾಂಕ್ರಿಯಾಸ್ ಊದಿಕೊಂಡ ಪ್ರಕರಣಗಳಿವೆ ಅಂತ 2017ರಲ್ಲಿ ಎಫ್‌ಡಿಎಯೇ ಎಚ್ಚರಿಕೆ ಕೊಟ್ಟಿದೆ. ನೋವು ಬೆನ್ನಿಗೆ ಹರಡಿದರೆ ಅಡ್ಜಸ್ಟ್ ಆಗುತ್ತಿದೆ ಅಂತ ಮನೆಯಲ್ಲಿ ಕೂರಬಾರದು. ಇದನ್ನು ಯಾರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ.

ಮುಕ್ಕಾಲು ಹೊಟ್ಟೆ ತೆಗೆಸಿದವನು
ನಾನು ಸ್ಲೀವ್, ಅಂದರೆ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುವ ಆಪರೇಷನ್, ಮಾಡಿಸಿಕೊಂಡು ಮೂರು ವರ್ಷ. 131ರಿಂದ 92. ತಿರುಗಿ ಏರಿದ್ದು ಮೂರೇ ಕಿಲೋ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇಷ್ಟು ದುಡ್ಡು, ಇಷ್ಟು ನೋವು ಅನುಭವಿಸುವುದಾದರೆ ಆಪರೇಷನ್ನೇ ಮಾಡಿಸಿಕೊಳ್ಳಿ. ನನಗೆ ಇನ್ಶೂರೆನ್ಸ್ ಕೂಡ ಮುಕ್ಕಾಲು ಪಾಲು ಕೊಟ್ಟಿತು. ಆದರೆ ಎದೆಯುರಿ ಬಂತು, ಅದನ್ನು ಮುಚ್ಚಿಡುವುದಿಲ್ಲ. ರಾತ್ರಿ ಎರಡಕ್ಕೆ ಗಂಟಲಿಗೆ ಹುಳಿ ನುಗ್ಗಿ ಕೆಮ್ಮುತ್ತಾ ಏಳುತ್ತೇನೆ. ಮಂಚದ ತಲೆದೆಸೆ ಎತ್ತರಿಸಿದ್ದೇನೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು.

ಏಳು ಹೊಲಿಗೆ
ಹೊಟ್ಟೆ ಕತ್ತರಿಸಿ ಎಸೆದ ಮೇಲೆ ವಾಪಸ್ ಬರುವುದಿಲ್ಲ. ಇವರಿಗೆ ಎದೆಯುರಿ ಮೊದಲೇ ಇದೆ ಅಂತ ಬರೆದಿದ್ದಾರೆ. ಓದಿಲ್ವಾ ನೀವು?

ಮುಕ್ಕಾಲು ಹೊಟ್ಟೆ ತೆಗೆಸಿದವನು
ಓದದೆ ಬರೆದದ್ದು ತಪ್ಪು, ಒಪ್ಪಿದೆ. ಟೀಚರ್, ಹಾಗಾದರೆ ಹಯಾಟಸ್ ಹರ್ನಿಯಾ, ಅಂದರೆ ಹೊಟ್ಟೆಯ ಮೇಲ್ಭಾಗ ಎದೆಯೊಳಗೆ ನುಗ್ಗಿರುವುದು, ಇದೆಯಾ ಅಂತ ಮೊದಲೇ ಎಂಡೋಸ್ಕೋಪಿಯಲ್ಲಿ ನೋಡಿಸಿಕೊಳ್ಳಿ. ದೊಡ್ಡದಿದ್ದರೆ ಇಎಸ್‌ಜಿಯೂ ಮಾಡುವುದಿಲ್ಲ, ಬಲೂನೂ ಹಾಕುವುದಿಲ್ಲ. ಆದರೆ ಮೇಡಂ, ಎಸೆದ ಅಂತೆಲ್ಲ ಬರೆಯಬೇಡಿ. ನನಗೆ ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ.

ಬಿಚ್ಚಿದ ಹೊಲಿಗೆ
ನಾನು ಬರೆಯಬಾರದು ಅಂತ ಎರಡು ದಿನ ಸುಮ್ಮನಿದ್ದೆ. ನನಗೂ ಇಎಸ್‌ಜಿ ಆಗಿದೆ. 98ರಿಂದ 86ಕ್ಕೆ ಬಂದೆ. ಒಂಬತ್ತನೇ ತಿಂಗಳಲ್ಲಿ ಹಸಿವು ಮೊದಲಿನ ಹಾಗೆ ಶುರುವಾಯಿತು. ಅರ್ಧ ಬಟ್ಟಲಿಗೆ ತುಂಬುತ್ತಿದ್ದ ಹೊಟ್ಟೆಗೆ ಎರಡು ಬಟ್ಟಲು ಹಿಡಿಯುತ್ತಿತ್ತು. ಮನಸ್ಸಿನ ಭ್ರಮೆ ಅಂದರು ಡಯಟಿಷಿಯನ್. ಮೂರು ತಿಂಗಳು ನಾನೂ ಹಾಗೇ ಅಂದುಕೊಂಡೆ. ಕೊನೆಗೆ ಜಗಳ ಮಾಡಿ ಎಂಡೋಸ್ಕೋಪಿ ಮಾಡಿಸಿದೆ. ಆರರಲ್ಲಿ ಮೂರು ಹೊಲಿಗೆ ಸಡಿಲವಾಗಿ ನೇತಾಡುತ್ತಿದ್ದವು. ಫೋಟೋ ನನ್ನ ಹತ್ತಿರ ಇದೆ. ಮತ್ತೆ ಹೊಲಿಸಿಕೊಳ್ಳಲು ಮೊದಲ ಸಲದ ಮುಕ್ಕಾಲು ಖರ್ಚು. ಗ್ಯಾರಂಟಿ ಅಂತ ಏನೂ ಇಲ್ಲ, ಸಹಿ ಮಾಡಿದ ಕಾಗದದಲ್ಲಿ ಅದು ಎಂಟನೇ ಪುಟದಲ್ಲಿತ್ತು. ಚಿನ್ನ ಅಡವಿಟ್ಟು ಮಾಡಿಸಿದೆ.

ಏಳು ಹೊಲಿಗೆ
ಬೇಜಾರು ಮಾಡಿಕೊಳ್ಳಬೇಡಿ, ಮೊದಲ ಆರು ವಾರ ಪಥ್ಯ ಸರಿಯಾಗಿ ಮಾಡಿದ್ರಾ? ಗಟ್ಟಿ ತಿಂದರೆ ಹೊಲಿಗೆ ಎಳೆಯುತ್ತದೆ.

ಬಿಚ್ಚಿದ ಹೊಲಿಗೆ
ಇದೇ ಮಾತಿಗೆ ಹೆದರಿಯೇ ಎರಡು ದಿನ ಬರೆಯಲಿಲ್ಲ. ಹೌದು, 19ನೇ ದಿನ ಒಂದು ಹೊತ್ತು ಗಟ್ಟಿ ಊಟ ಮಾಡಿದೆ. ಒಂದೇ ಹೊತ್ತು. ಡಾಕ್ಟರಿಗೆ ಅವತ್ತೇ ಹೇಳಿದೆ. ಅದರಿಂದಲೇ ಬಿಚ್ಚಿತು ಅಂತ ಅವರೂ ಹೇಳಲಿಲ್ಲ. ಹೊಲಿಗೆ ಅಂಗಾಂಶವನ್ನು ಕೊಯ್ದುಕೊಂಡು ಬರುವುದು ಪಥ್ಯ ಮಾಡಿದವರಿಗೂ ಆಗುತ್ತದೆ. ನಿಮಗೆ ಗಟ್ಟಿ ನಿಂತಿದೆ, ದೇವರು ಚೆನ್ನಾಗಿಟ್ಟಿರಲಿ. ನನ್ನದು ನಿಲ್ಲದ್ದಕ್ಕೆ ನನ್ನ ನಡತೆ ಕಾರಣ ಅನ್ನಬೇಡಿ ಅಕ್ಕಾ. ದಪ್ಪ ಇದ್ದಾಗಲೂ ಅದನ್ನೇ ಕೇಳಿ ಬೆಳೆದವಳು ನಾನು.

ಆರು ತಿಂಗಳ ಬಲೂನ್
ನೂರಕ್ಕೆ ನೂರು ಸರಿ.

ಏಳು ಹೊಲಿಗೆ
ಹಾಗೆ ಅನ್ನಬೇಕು ಅಂತ ಇರಲಿಲ್ಲ. ನನಗೂ ಬಿಚ್ಚಿದರೆ ಅನ್ನುವ ಭಯ ಇದೆ. ಅದಕ್ಕೇ ಕೇಳಿದೆ. ನೋಯಿಸಿದ್ದಕ್ಕೆ ಕ್ಷಮಿಸಿ.

ವಾರಕ್ಕೊಂದು ಸೂಜಿ
ಹಸಿವು ಕಡಿಮೆ ಮಾಡುವ ಇಂಜೆಕ್ಷನ್ ಸೆಮಗ್ಲುಟೈಡ್ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಅದರ ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ನೂರಕ್ಕೆ 14.9 ಇಳಿದಿದೆ. ಟ್ಯೂಬೂ ಬೇಡ, ಹೊಲಿಗೆಯೂ ಬೇಡ. ನಾನು 17 ಕಿಲೋ ಇಳಿಸಿದೆ. ಖರ್ಚು ತಾಳದೆ ನಿಲ್ಲಿಸಿದೆ, ಹತ್ತು ತಿಂಗಳಲ್ಲಿ 11 ವಾಪಸ್ ಬಂತು. ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ತೂಕ ವಾಪಸ್ ಬಂದದ್ದು ಅದೇ ಅಧ್ಯಯನದ ಮುಂದಿನ ಭಾಗದಲ್ಲಿ ಇದೆ. ಮೊದಲೇ ಗೊತ್ತಿದ್ದರೆ ದುಡ್ಡು ಕೂಡಿಟ್ಟು ಶುರು ಮಾಡುತ್ತಿದ್ದೆ. ಮತ್ತೆ ಕೂದಲು! ನಾಲ್ಕನೇ ತಿಂಗಳಿನಿಂದ ಹಿಡಿ ಹಿಡಿ ಉದುರಿತು. ನಿಮಗೆಲ್ಲ ಆಯಿತಾ?

ನುಂಗಿದ ಬಲೂನ್
ನನಗೂ. ಬಯೋಟಿನ್ ಅನ್ನುವ ವಿಟಮಿನ್ ತಗೊಳ್ಳಿ, ಮೂರು ತಿಂಗಳಲ್ಲಿ ನಿಂತಿತು.

ಏಳು ಹೊಲಿಗೆ
ಬಯೋಟಿನ್‌ನಿಂದ ನಿಂತದ್ದಲ್ಲ. ತೂಕ ಬೇಗ ಇಳಿದಾಗ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಎರಡು ಮೂರು ತಿಂಗಳಾದ ಮೇಲೆ ಉದುರುತ್ತದೆ, ಆಮೇಲೆ ತಾನೇ ಬರುತ್ತದೆ. ಬೇಕಾದ್ದು ದಿನಕ್ಕೆ 60 ಗ್ರಾಂ ಪ್ರೋಟೀನ್, ಕಬ್ಬಿಣದ ಅಂಶದ ಪರೀಕ್ಷೆ.

ನುಂಗಿದ ಬಲೂನ್
ನನ್ನ ತಲೆಯ ಕೂದಲು ನನಗೆ ಗೊತ್ತಿಲ್ವಾ?

ಬಿಚ್ಚಿದ ಹೊಲಿಗೆ
ತಗೊಳ್ಳುವವರು ತಗೊಳ್ಳಲಿ, ಆದರೆ ರಕ್ತ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ. ಜಾಸ್ತಿ ಡೋಸಿನ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸುತ್ತದೆ. ನನಗೆ ಹಾಗಾಗಿ, ಇಲ್ಲದ ಕಾಯಿಲೆಗೆ ಎರಡು ಸಲ ಪರೀಕ್ಷೆ ಮಾಡಿಸಿದ್ದೇನೆ. ಅದರ ಬಿಲ್ಲೂ ಇದೆ.

ಟೀಚರ್ 41
ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಹರ್ನಿಯಾ ವಿಷಯ ಸೋಮವಾರ ಕೇಳುತ್ತೇನೆ. ಒಂದು ವಾರದ ರಜೆ ಸಾಕಾ ಅನ್ನುವುದು ಮಾತ್ರ ಗೊತ್ತಾಗಲಿಲ್ಲ.

ಬಿಚ್ಚಿದ ಹೊಲಿಗೆ
ನನ್ನದೂ ನಿಂತು ಮಾಡುವ ಕೆಲಸ. ಮೊದಲ ಸಲ ಎಂಟನೇ ದಿನ ಹೋದೆ. ನೋವಿರಲಿಲ್ಲ, ಆದರೆ ಹನ್ನೊಂದು ಗಂಟೆಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಬರೀ ದ್ರವದಲ್ಲಿ ಇರುತ್ತೇವಲ್ಲ, ಶಕ್ತಿ ಇರುವುದಿಲ್ಲ. ಎರಡನೇ ಸಲ ಹತ್ತು ದಿನ ಹಾಕಿದೆ, ಆಮೇಲೆ ಒಂದು ವಾರ ಅರ್ಧ ದಿನ. ಅದು ಸರಿಹೋಯಿತು. ಡಾಕ್ಟರ ಹತ್ತಿರ ಪತ್ರ ಈಗಲೇ ಬರೆಸಿಕೊಳ್ಳಿ, ಆಮೇಲೆ ಸಿಗುವುದು ಕಷ್ಟ. ಕ್ಲಾಸಿನಲ್ಲಿ ಕುರ್ಚಿ ಇಟ್ಟುಕೊಳ್ಳಿ. ನೀರಿನ ಬಾಟಲಿ ಮೇಜಿನ ಮೇಲೇ ಇರಲಿ, ಗುಟುಕು ಗುಟುಕಾಗಿ ಕುಡಿಯಿರಿ. ತಲೆನೋವು ಬಂದರೆ ಐಬುಪ್ರೊಫೆನ್ ಮಾತ್ರ ಮುಟ್ಟಬೇಡಿ. ಮತ್ತೆ ಆ ಎಂಟನೇ ಪುಟ ಓದಿ ಸಹಿ ಮಾಡಿ. ಏನು ಬರೆದಿದೆ ಅಂತ ಇಲ್ಲಿ ಹಾಕಿದರೆ ನಾನು ನೋಡಿ ಹೇಳುತ್ತೇನೆ.

ಏಳು ಹೊಲಿಗೆ
ನನ್ನ ಕಾಗದವನ್ನೂ ಈಗ ತೆಗೆದು ನೋಡಿದೆ. ನನ್ನದರಲ್ಲಿ ಅದು ಆರನೇ ಪುಟ.