ಅಪ್‌ಡೇಟ್: ಅಕ್ಕನ ಫೈಬ್ರಿನೋಜೆನ್ 180 ಬಂದಿದ್ದ ವಿಷಯ

ಹೆರಿಗೆಗೆ ಮುಂಚೆಯೇ ಮಾಸು ಬಿಟ್ಟುಕೊಂಡು ರಕ್ತ ಹೋಗುತ್ತಿತ್ತು, ರಿಪೋರ್ಟಿನಲ್ಲಿ ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) 180, ಲ್ಯಾಬ್ ಶೀಟಿನಲ್ಲಿ 200ರಿಂದ 400 ನಾರ್ಮಲ್ ಅಂತಿದೆ, ಸ್ವಲ್ಪ ತಾನೇ ಕಮ್ಮಿ, ಡಾಕ್ಟರು ಯಾಕಿಷ್ಟು ಗಾಬರಿಯಾದರು ಅಂತ ಕೇಳಿದ್ದೆನಲ್ಲ. ಅಕ್ಕ, ಮಗು ಇಬ್ಬರೂ ಈಗ ಮನೆಯಲ್ಲಿದ್ದಾರೆ.

ಲ್ಯಾಬ್ ಶೀಟಿನ ಆ 200–400 ಬಸುರಿಯರದ್ದೇ ಅಲ್ಲವಂತೆ. ತುಂಬು ತಿಂಗಳಲ್ಲಿ 400ರಿಂದ 600ರ ಆಸುಪಾಸು ಇರಬೇಕು. 200ಕ್ಕಿಂತ ಇಳಿದರೆ ಭಾರೀ ರಕ್ತಸ್ರಾವದ ಮುನ್ಸೂಚನೆ. ಮಾಸು ಕಿತ್ತುಬಂದಾಗ ಅದರಲ್ಲಿರುವ, ರಕ್ತ ಹೆಪ್ಪುಗಟ್ಟುವುದನ್ನು ಶುರುಮಾಡುವ ಟಿಶ್ಯೂ ಫ್ಯಾಕ್ಟರ್ ತಾಯಿಯ ರಕ್ತಕ್ಕೆ ಸೇರಿ ಎಲ್ಲೆಂದರಲ್ಲಿ ಸಣ್ಣ ಸಣ್ಣ ಗಡ್ಡೆ ಕಟ್ಟುತ್ತದೆ, ಹೆಪ್ಪುಗಟ್ಟಿಸುವ ಸಾಮಾನೆಲ್ಲ ಅಲ್ಲೇ ಖರ್ಚಾಗಿ, ನಿಲ್ಲಬೇಕಾದ ಕಡೆ ರಕ್ತ ನಿಲ್ಲುವುದಿಲ್ಲ. ಡಿಐಸಿ ಅಂದರೆ ಇದೇ. ಕ್ರಯೋ ಅಂತ, ರಕ್ತದ ಪ್ಲಾಸ್ಮಾದಿಂದ ತೆಗೆದ, ಹಳದಿ ಬಣ್ಣದ ಪುಟ್ಟ ಚೀಲಗಳನ್ನು ಒಂದರ ಹಿಂದೊಂದು ಹಾಕಿದ್ದು ಅದಕ್ಕೇ, ಅದರಲ್ಲಿ ಫೈಬ್ರಿನೋಜೆನ್ ಜಾಸ್ತಿ. ಸುಮ್ನೆ ಕೆಂಪು ರಕ್ತ ಏರಿಸಿದರೆ ಸಾಲದು.

ಬಸುರಿಯರಿಗೆ ಬೇರೆ ರೇಂಜ್ ಪ್ರಿಂಟ್ ಮಾಡಲು ಲ್ಯಾಬಿನವರಿಗೆ ಏನು ಕಷ್ಟವೋ!