ಕೂಟ್ ಮುತ್ತಿಗೆ: 'ಚೆನ್ನಾಗಿದ್ದೇನೆ' ಕಾರ್ಡ್ ಓದುವುದು ಹೇಗೆ?

ಅಂಚೆಪ್ರಿಯ: 1916ರ ಮೇ ತಿಂಗಳ ಸೈನಿಕ ಕಾರ್ಡ್. ಅಚ್ಚಾದ ಸಾಲುಗಳಲ್ಲಿ ಒಂದೆರಡು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗೀಟು ಎಳೆದಿದೆ. ಕೈಬರಹದಲ್ಲಿ ತಾರೀಖು, ಸಹಿ ಅಷ್ಟೇ. ಇದನ್ನು ಕಳಿಸಿದವನು ಇರಾಕಿನ ಕೂಟ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದನೇ?

ಹಳೇಮುದ್ರೆ: ಬೇಡದ ಸಾಲು ಹೊಡೆದುಹಾಕುವುದೇ ಕ್ರಮ. 'ನಾನು ಚೆನ್ನಾಗಿದ್ದೇನೆ', 'ಆಸ್ಪತ್ರೆಗೆ ಸೇರಿದ್ದೇನೆ', 'ಕಾಗದ ಆಮೇಲೆ ಬರೆಯುತ್ತೇನೆ' ಇವೆಲ್ಲ ಅಚ್ಚಿನಲ್ಲೇ ಇರುತ್ತವೆ. ಬೇರೆ ಏನಾದರೂ ಬರೆದರೆ ಕಾರ್ಡ್ ನಾಶ ಮಾಡುತ್ತೇವೆ ಎಂದು ಅದರ ಮೇಲೆಯೇ ಎಚ್ಚರಿಕೆ. ಹಾಗಾಗಿ ಊರಿನ ಹೆಸರು ಹುಡುಕಬೇಡಿ. ಆಸ್ಪತ್ರೆ ಸಾಲಿನ ಕೆಳಗೆ 'ಕಾಯಿಲೆ', 'ಗಾಯ' ಎಂಬ ಎರಡು ಪದಗಳಿವೆ. ಯಾವುದು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲ್ ಗೀಟು ಮಾಸಿರುತ್ತದೆ, ಕಾಗದದಲ್ಲಿ ಒತ್ತು ಮಾತ್ರ ಕಾಣುತ್ತದೆ.

ರಣಕಡತ: ತಾರೀಖೇ ಮುಖ್ಯ. ಕೂಟ್‌ನಲ್ಲಿದ್ದ ಬ್ರಿಟಿಷ್-ಭಾರತೀಯ ಪಡೆಗೆ ತುರ್ಕರು ಹಾಕಿದ ಮುತ್ತಿಗೆ 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ. ಆ ಪಡೆಯ ಸೇನಾಪತಿ ಟೌನ್‌ಶೆಂಡ್ ಶರಣಾದ ಮೇಲೆ ಹೆಚ್ಚಿನವರು ತುರ್ಕರ ಕೈದಿಗಳಾದರು. ತೀರಾ ಅಸ್ವಸ್ಥರಾದ ಕೆಲವರು ಮಾತ್ರ ವಿನಿಮಯದಲ್ಲಿ ಬಿಡುಗಡೆಯಾಗಿ ಟೈಗ್ರಿಸ್ ನದಿಯಲ್ಲಿ ಕೆಳಕ್ಕೆ ಬಂದರು. ಮೇನಲ್ಲಿ 'ಕಾಯಿಲೆ' ಉಳಿದಿದ್ದರೆ ಆ ಗುಂಪಿನವನಿರಬಹುದು. ಆದರೆ ಮುತ್ತಿಗೆಯಿಂದ ಅವರನ್ನು ಬಿಡಿಸಲು ಹೋಗಿದ್ದ ಪಡೆಯಲ್ಲೂ ಕಾಯಿಲೆ ಬಿದ್ದವರಿದ್ದರು, ಕಾರ್ಡೊಂದನ್ನೇ ನಂಬಬೇಡಿ. ಸಹಿಯ ಜೊತೆ ರೆಜಿಮೆಂಟ್ ಹೆಸರು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಅಂಚೆಪ್ರಿಯ: 'ಕಾಯಿಲೆ' ಉಳಿದಿದೆ, 'ಗಾಯ'ಕ್ಕೆ ಎರಡು ಗೀಟು. ರೆಜಿಮೆಂಟ್ ಹುಡುಕುತ್ತೇನೆ.