ಮೂರನೇ ಕ್ರಾಸ್ ಶೆಡ್ಡಿನ ವಾಸನೆ, ನಮ್ಮ ಬೋರ್‌ವೆಲ್: ಭಾನುವಾರ ಯಾರು ಬರುತ್ತೀರಿ?

ಮನೆ 27: ನಿನ್ನೆ ರಾತ್ರಿ ಮತ್ತೆ ಆ ಸಿಹಿ ವಾಸನೆ. ಲೋಹದ ಪಾರ್ಟುಗಳ ಜಿಡ್ಡು ತೆಗೆಯುವ ಆ ಶೆಡ್ಡಿನವರು ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಚರಂಡಿ ಪಕ್ಕದ ಮಣ್ಣಿಗೆ ಸುರಿಯುತ್ತಿದ್ದರು. ವಿಡಿಯೊ ಹಾಕಿದ್ದೇನೆ. ಬೋರ್‌ವೆಲ್ ಅಲ್ಲಿಂದ 30 ಅಡಿಯೂ ಇಲ್ಲ.

ಮನೆ 9: ಥಿನ್ನರ್ ಇರಬೇಕು ಅಕ್ಕ. ಬಿಸಿಲಿಗೆ ಆರಿಹೋಗುತ್ತದೆ. ಸುಮ್ನೆ ಗಾಬರಿ ಯಾಕೆ?

ಮನೆ 41: ಥಿನ್ನರ್ ಅಲ್ಲ. ವಿಡಿಯೊ ನಿಲ್ಲಿಸಿ ಲೇಬಲ್ ನೋಡಿ, ಟ್ರೈಕ್ಲೋರೋಎಥಿಲೀನ್. ಮೆಷಿನ್ ಶಾಪಿನಲ್ಲಿ ನಾವು ಟಿಸಿಇ ಅನ್ನುತ್ತಿದ್ದೆವು. ಪ್ಲೇಟಿಂಗ್‌ಗೆ, ಅಂದರೆ ಲೋಹದ ಲೇಪನಕ್ಕೆ, ಮುಂಚೆ ಗ್ರೀಸ್ ತೆಗೆಯಲು ಭಾರಿ ಸಲೀಸು. ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. 87 ಡಿಗ್ರಿಗೆ ಕುದಿಯುತ್ತದೆ. ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ, ಜಿಡ್ಡನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಪಾರ್ಟು ಒಣಗಿಯೇ ಈಚೆ ಬರುತ್ತದೆ. ಆದರೆ ಆವಿ ಹೊರಹೋಗದಂತೆ ಟ್ಯಾಂಕಿಗೆ ಮುಚ್ಚಳ ಬೇಕು, ಮೇಲ್ಗಡೆ ತಣ್ಣೀರಿನ ಕಾಯಿಲ್ ಬೇಕು. ಇವರದ್ದು ಬಾಯಿ ತೆರೆದ ಡ್ರಮ್ಮು!

ಮನೆ 9: ಹಾಗಾದರೆ ಆರಲ್ವಾ ಸರ್?

ಮನೆ 41: ಮೇಲಿನದು ಆರುತ್ತದೆ. ಮಣ್ಣಿಗೆ ಇಳಿದದ್ದು ಅಷ್ಟು ಬೇಗ ಬಿಡುವುದಿಲ್ಲ. ಸೀಮೆಎಣ್ಣೆ ನೀರಿನ ಮೇಲೆ ತೇಲುತ್ತದಲ್ಲ, ಇದು ಮುಳುಗುತ್ತದೆ. ಲೀಟರಿಗೆ ಸುಮಾರು 1.46 ಕಿಲೋ ತೂಕ. ತಳದಲ್ಲಿ ಕೂತು ವರ್ಷಗಟ್ಟಲೆ ಚೂರುಚೂರೇ ನೀರಿಗೆ ಬಿಡುತ್ತದೆ. ಅಮೆರಿಕದ ಕ್ಯಾಂಪ್ ಲೆಜೂನ್ ಸೇನಾ ನೆಲೆಯಲ್ಲಿ 1953ರಿಂದ 1987ರವರೆಗೆ ಕುಡಿಯುವ ನೀರಿಗೆ ಇಂಥವೇ ಸೇರಿದ್ದವು. ಇದರಿಂದ ಮೂತ್ರಪಿಂಡದ ಕ್ಯಾನ್ಸರ್ ಬರುತ್ತದೆ ಎಂಬುದು ಈಗ ಖಚಿತವಾಗಿರುವ ವಿಷಯ.

ಮನೆ 16: ಅಯ್ಯೋ. ನೀರು ನೋಡುವ ನಮ್ಮ ಟಿಡಿಎಸ್ ಮೀಟರ್ ಹೋದ ತಿಂಗಳು ತೋರಿಸಿದಷ್ಟೇ ಈಗಲೂ ತೋರಿಸುತ್ತಿದೆ. ಕುದಿಸಿ ಕುಡಿದರೆ ಸಾಕಾ?

ಮನೆ 41: ಆ ಮೀಟರಿಗೆ ಕಾಣುವುದು ಉಪ್ಪಿನಂಶ ಅಷ್ಟೇ. ಕುದಿಸಿದರೆ ಆವಿ ಅಡುಗೆಮನೆಗೇ ಬರುತ್ತದೆ, ಬೇಡ. ಲ್ಯಾಬಿನಲ್ಲಿ ವಿಒಸಿ ಟೆಸ್ಟ್ (ಸುಲಭವಾಗಿ ಆವಿಯಾಗುವ ಇಂಥ ರಾಸಾಯನಿಕಗಳದ್ದು) ಅಂತಲೇ ಕೇಳಬೇಕು. ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಅಷ್ಟು ಸಣ್ಣದನ್ನು ಅಳೆಯಬಲ್ಲ ಲ್ಯಾಬೇ ಆಗಬೇಕು. ಪ್ಲಾಸ್ಟಿಕ್ ಬಾಟಲಿ ಬೇಡ. ಅವರು ಕೊಡುವ ಗಾಜಿನ ಸೀಸೆಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಐಸಿನಲ್ಲಿಟ್ಟು ಒಯ್ಯಬೇಕು.

ಮನೆ 33: ಶೆಡ್ಡಿನ ಹುಡುಗರು ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾರೆ. ಬರಿಗೈಯಲ್ಲೇ ಬಟ್ಟೆ ಅದ್ದಿ ಒರೆಸುತ್ತಾರೆ. ಒಬ್ಬನಂತೂ ತಲೆಸುತ್ತು ಅಂತ ದಿನಾ ನಮ್ಮ ಅಂಗಡಿಗೆ ಸೋಡಾ ಕುಡಿಯಲು ಬರುತ್ತಾನೆ. ದೂರು ಕೊಟ್ಟು ಅವರ ಕೆಲಸ ಹೋದರೆ?

ಮನೆ 41: ಬೀಗ ಹಾಕಿಸೋಣ ಅಂತ ನಾನೂ ಹೇಳುತ್ತಿಲ್ಲಮ್ಮ. ಆ ತಲೆಸುತ್ತು ಇದರ ಆವಿಯದೇ ಇರಬಹುದು. ಹಿಂದೆ ಆಪರೇಷನ್‌ಗೆ ಅರಿವಳಿಕೆಯಾಗಿ ಇದನ್ನೇ ಕೊಡುತ್ತಿದ್ದರು! ಬಿಸಿನೀರಿಗೆ ಕ್ಷಾರದ ಪುಡಿ ಹಾಕಿಯೂ ಜಿಡ್ಡು ತೆಗೆಯಬಹುದು. ಒಣಗಿಸುವ ಕೆಲಸ ಜಾಸ್ತಿ, ಅದಕ್ಕೇ ಮಾಲೀಕರು ಒಲ್ಲೆ ಅನ್ನುತ್ತಾರೆ.

ಮನೆ 27: ಸರಿ. ರಿಪೋರ್ಟ್ ಬರುವ ತನಕ ಬೋರ್ ನೀರು ಕುಡಿಯಲು, ಅಡುಗೆಗೆ ಬೇಡ. ಭಾನುವಾರ 10 ಗಂಟೆಗೆ ಮಾಲೀಕರ ಹತ್ತಿರ ಹೋಗೋಣ, ಸುರಿಯುವುದು ಅವತ್ತೇ ನಿಲ್ಲಬೇಕು. ಸೋಮವಾರ ಸ್ಯಾಂಪಲ್. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಬರೆದಿಡುತ್ತೇನೆ, ಎಲ್ಲರೂ ಸಹಿ ಹಾಕಿ.

ಮನೆ 9: ನಾನೂ ಬರುತ್ತೇನೆ. ಸ್ಯಾಂಪಲ್ ನನ್ನ ಕಾರಿನಲ್ಲೇ ಒಯ್ಯೋಣ. ಐಸ್ ಬಾಕ್ಸ್ ಯಾರ ಹತ್ತಿರ ಇದೆ?

ಮನೆ 33: ಅಂಗಡಿಯಲ್ಲಿ ಐಸ್‌ಕ್ರೀಮಿನದು ಒಂದಿದೆ. ತೊಳೆದು ಕೊಡುತ್ತೇನೆ.